ಎಲುಬಿಲ್ಲದ ಮೀನಿನ ಕಲ್ಲಿನ ಸಾಕ್ಷಿ

— ಶಾರ್ಕ್, ತೊರಕೆ, ಕಿಮೇರಾ ಎಂಬ ಮೂರು ಬಗೆಯ ಮೀನುಗಳನ್ನು ಮೃದ್ವಸ್ಥಿ ಮೀನುಗಳೆಂದು ಒಂದೇ ವರ್ಗಕ್ಕೆ ಸೇರಿಸಿದ್ದಾರೆ. ಇವುಗಳ ಮೈಯೊಳಗೆ ಎಲುಬಿಲ್ಲ. ತಲೆಬುರುಡೆ, ದವಡೆ, ಬೆನ್ನುಕಂಬ, ಎಲ್ಲವೂ ಮನುಷ್ಯನ ಮೂಗಿನ ತುದಿಯಲ್ಲಿರುವಂಥ ಮೃದ್ವಸ್ಥಿಯೇ. ಸತ್ತ ಕೆಲವು ದಿನಗಳಲ್ಲಿ ಅದು ಕೊಳೆತು ಹೋಗುತ್ತದೆ. ಹಾಗಿದ್ದ ಮೇಲೆ ಇವುಗಳ ನಲವತ್ತು ಕೋಟಿ ವರ್ಷಗಳ ಕಥೆಯನ್ನು ಯಾವ ಆಧಾರದ ಮೇಲೆ ಹೇಳುತ್ತಾರೆ, ಮಾಸ್ತರ್ರೇ?

— ಕೊಳೆಯದೆ ಉಳಿಯುವ ಭಾಗಗಳ ಆಧಾರದ ಮೇಲೆ. ಅವು ಮುಖ್ಯವಾಗಿ ಮೂರು: ಹಲ್ಲು, ಚರ್ಮದ ಹುರುಪೆ ಮತ್ತು ಈಜುರೆಕ್ಕೆಯ ಮುಂಭಾಗದ ಮುಳ್ಳು. ಶಾರ್ಕಿನ ಬಾಯಲ್ಲಿ ಹಲ್ಲುಗಳು ಸಾಲು ಸಾಲಾಗಿ ಹುಟ್ಟುತ್ತಲೇ ಇರುತ್ತವೆ. ಹಳೆಯವು ಉದುರಿದಂತೆ ಹಿಂದಿನ ಸಾಲು ಮುಂದೆ ಬರುತ್ತದೆ. ಒಂದೇ ಮೀನು ತನ್ನ ಬದುಕಿನಲ್ಲಿ ಸಾವಿರಾರು ಹಲ್ಲುಗಳನ್ನು ಕಡಲ ತಳಕ್ಕೆ ಚೆಲ್ಲುತ್ತದೆ. ಮಲ್ಪೆಯಲ್ಲೋ ಕಾರವಾರದಲ್ಲೋ ಬಲೆಗೆ ಬಿದ್ದ ತಾಟೆ ಮೀನಿನ, ಅಂದರೆ ಶಾರ್ಕಿನ, ಮೈಯನ್ನು ಬಾಲದಿಂದ ತಲೆಯ ಕಡೆಗೆ ಸವರಿದರೆ ಕೈಗೆ ಒರಟು ತಾಗುತ್ತದೆ. ಆ ಒರಟುತನಕ್ಕೆ ಕಾರಣ ಚರ್ಮದ ತುಂಬ ಹರಡಿದ ಅತಿ ಸಣ್ಣ ಹುರುಪೆಗಳು. ಪ್ರತಿ ಹುರುಪೆಯ ಒಳರಚನೆಯೂ ಹಲ್ಲಿನದೇ: ನಡುವೆ ಟೊಳ್ಳು, ಅದರ ಸುತ್ತ ದಂತದ್ರವ್ಯ, ಮೇಲೆ ಗಟ್ಟಿ ಹೊಳಪಿನ ಲೇಪ. ಕ್ಯಾಲ್ಸಿಯಂ ಫಾಸ್ಫೇಟಿನಿಂದಾದ ಇವು ಕೋಟಿ ಕೋಟಿ ವರ್ಷ ಕಲ್ಲಿನೊಳಗೆ ಹಾಗೇ ಉಳಿಯಬಲ್ಲವು.

— ಅಂದರೆ ಅಸ್ಥಿಪಂಜರ ಎಂದೂ ಸಿಗುವುದಿಲ್ಲವೇ?

— ಅಪರೂಪಕ್ಕೆ ಸಿಗುತ್ತದೆ. ಈ ವರ್ಗದ ಮೃದ್ವಸ್ಥಿಗೆ ಒಂದು ವಿಶೇಷವಿದೆ. ಅದರ ಹೊರಮೈಗೆ ಫಾಸ್ಫೇಟಿನ ಅತಿ ಚಿಕ್ಕ ಬಿಲ್ಲೆಗಳು ಹೊಂದಿಕೊಂಡಿರುತ್ತವೆ, ಅಂಗಳಕ್ಕೆ ಫರಸಿ ಹಾಸಿದ ಹಾಗೆ. ಬಿಲ್ಲೆಗಳ ನಡುವಿನ ಸಂದಿನಿಂದಾಗಿ ಒಳಗಿನ ಮೃದ್ವಸ್ಥಿ ಬೆಳೆಯುತ್ತ ಹೋಗಬಹುದು, ಹೊರಗಿನ ಬಿಲ್ಲೆಗಳಿಂದಾಗಿ ಗಟ್ಟಿತನವೂ ಬರುತ್ತದೆ. ಮೀನು ಸತ್ತು ಆಮ್ಲಜನಕವಿಲ್ಲದ ಕೆಸರಿನಲ್ಲಿ ಬೇಗ ಹೂತುಹೋದರೆ ಈ ಬಿಲ್ಲೆಗಳ ಹೊದಿಕೆ ತಲೆಬುರುಡೆಯ ಆಕಾರವನ್ನೇ ಉಳಿಸಿಕೊಡುತ್ತದೆ. ಕಲ್ಲಿನಲ್ಲಿ ಇಂಥ ಬಿಲ್ಲೆ ಕಂಡರೆ ಅದು ಮೃದ್ವಸ್ಥಿ ಮೀನಿನದೆಂದು ಗುರುತು ಹಿಡಿಯಬಹುದು. ಆದರೆ ಹಾಗೆ ಸಿಗುವುದು ಕಡಿಮೆ. ಹೆಚ್ಚಿನ ಕೆಲಸ ಸಾಗುವುದು ಸಾಸಿವೆ ಗಾತ್ರದ ತುಣುಕುಗಳ ಮೇಲೆ. ಸುಣ್ಣಕಲ್ಲಿನ ತುಂಡುಗಳನ್ನು ತೆಳು ಅಸಿಟಿಕ್ ಆಮ್ಲದಲ್ಲಿ ವಾರಗಟ್ಟಲೆ ನೆನೆಸುತ್ತಾರೆ. ಸುಣ್ಣ ಕರಗುತ್ತದೆ, ಫಾಸ್ಫೇಟ್ ಕರಗುವುದಿಲ್ಲ. ಉಳಿದ ಗಸಿಯನ್ನು ಜರಡಿ ಹಿಡಿದು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಹುರುಪೆಯನ್ನು ಒದ್ದೆ ಕುಂಚದ ತುದಿಯಿಂದ ಎತ್ತಿಡುತ್ತಾರೆ. ಈ ಶಾಸ್ತ್ರದ ದೊಡ್ಡ ತೀರ್ಮಾನಗಳ ಬುಡದಲ್ಲಿರುವುದು ಇಂಥ ತಾಳ್ಮೆಯ ದುಡಿಮೆಯೇ.

— ಕಲ್ಲಿನಲ್ಲಿ ಸಿಗುವುದು ಮೀನಿನ ಹಲ್ಲು ಎಂದು ಜನರಿಗೆ ಮೊದಲಿನಿಂದಲೂ ಗೊತ್ತಿತ್ತೇ?

— ಇಲ್ಲ. ಯುರೋಪಿನಲ್ಲಿ ಬಹುಕಾಲ ಅವನ್ನು ಕಲ್ಲಾದ ನಾಲಿಗೆಗಳೆಂದು ನಂಬಿದ್ದರು, ವಿಷಕ್ಕೆ ಮದ್ದೆಂದು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. 1666ರಲ್ಲಿ ಇಟಲಿಯ ಲಿವೋರ್ನೋ ಬಳಿ ಹಿಡಿದ ದೊಡ್ಡ ಶಾರ್ಕಿನ ತಲೆಯನ್ನು ನಿಕೊಲಾಸ್ ಸ್ಟೆನೋ ಕೊಯ್ದು ನೋಡಿದ. ಅದರ ಹಲ್ಲಿಗೂ ನಾಲಿಗೆಗಲ್ಲಿಗೂ ವ್ಯತ್ಯಾಸವಿಲ್ಲವೆಂದು ಮರುವರ್ಷ ಬರೆದ. ಮೀನಿನ ಪಳೆಯುಳಿಕೆಗಳನ್ನೆಲ್ಲ ಒಂದು ಕ್ರಮಕ್ಕೆ ತಂದವನು ಲೂಯಿ ಅಗಾಸಿ; ಅವನ ದೊಡ್ಡ ಗ್ರಂಥ 1833ರಿಂದ 1843ರವರೆಗೆ ಕಂತು ಕಂತಾಗಿ ಪ್ರಕಟವಾಯಿತು. ಅಷ್ಟು ಸಾಕು, ವಿಷಯ ಇರುವುದು ಮೊದಲ ಮೀನುಗಳಲ್ಲಿ.

— ಎಲ್ಲಕ್ಕಿಂತ ಹಳೆಯ ಸಾಕ್ಷಿ ಯಾವುದು?

— ಅಮೆರಿಕದ ಕೊಲೊರಾಡೋದ ಹಾರ್ಡಿಂಗ್ ಮರಳುಗಲ್ಲಿನಲ್ಲಿ ಸಿಕ್ಕ ಹುರುಪೆಗಳು. ಇವನ್ನು ಇವಾನ್ ಸ್ಯಾನ್ಸಮ್ ಮತ್ತು ಸಂಗಡಿಗರು 1996ರಲ್ಲಿ ವರ್ಣಿಸಿದರು. ವಯಸ್ಸು ಸುಮಾರು 45.5 ಕೋಟಿ ವರ್ಷ, ಆರ್ಡೊವಿಶಿಯನ್ ಯುಗ. ಮುಂದೆ ಆಸ್ಟ್ರೇಲಿಯಾದಿಂದ ಇನ್ನೂ ಸ್ವಲ್ಪ ಹಿಂದಿನ ಹುರುಪೆಗಳು ವರದಿಯಾದವು. ಬೆಳೆಯುವ ರೀತಿಯಲ್ಲಿ ಇವು ಶಾರ್ಕಿನ ಹುರುಪೆಯನ್ನು ಹೋಲುತ್ತವೆ.

— ಹೋಲುತ್ತವೆ ಎನ್ನುವುದಕ್ಕೂ ಶಾರ್ಕಿನವೇ ಎನ್ನುವುದಕ್ಕೂ ಬಹಳ ಅಂತರವಿದೆಯಲ್ಲ.

— ಇದೆ, ಮತ್ತು ಆ ಅಂತರದಲ್ಲೇ ಮೂವತ್ತು ವರ್ಷದಿಂದ ವಾದ ನಡೆದಿದೆ. ಜೊತೆಯಲ್ಲಿ ಒಂದು ಹಲ್ಲೂ ಇಲ್ಲ, ಒಂದು ದವಡೆಯೂ ಇಲ್ಲ. ಆ ಕಾಲದ ಮೀನುಗಳಿಗೆ ಇನ್ನೂ ಹಲ್ಲೇ ಮೂಡಿರಲಿಲ್ಲವೋ, ಅಥವಾ ಈ ಹುರುಪೆಗಳು ದವಡೆಯೇ ಇಲ್ಲದ ಬೇರೆ ಕುಲದವೋ? ಹುರುಪೆಯೊಂದರಿಂದ ಇದನ್ನು ತೀರ್ಮಾನಿಸಲಾಗದು. ಮುಂದಿನ ಸೈಲೂರಿಯನ್ ಯುಗದಲ್ಲಿ ಮಂಗೋಲಿಯಾ, ಸೈಬೀರಿಯಾ, ಚೀನಾ ಕಡೆ ಇಂಥ ಹುರುಪೆ ಮತ್ತು ಮುಳ್ಳುಗಳು ಹೇರಳವಾಗಿ ಸಿಗುತ್ತವೆ, ಆದರೆ ಅಲ್ಲಿಯೂ ಬಹುಕಾಲ ಇಡೀ ಮೀನು ಸಿಕ್ಕಿರಲಿಲ್ಲ. ಎಚ್ಚರಿಕೆಯ ಪುಸ್ತಕಗಳು ಈ ಹುರುಪೆಗಳ ಮಾತು ಬಂದಾಗ ‘ಇರಬಹುದು’ ಎಂದು ಬರೆಯುತ್ತವೆ. ಹಾಗೆ ಬರೆಯುವುದೇ ಸರಿ.

— ಬಹುಕಾಲ ಅಂದಿರಿ. ಆ ಪರಿಸ್ಥಿತಿ ಬದಲಾಯಿತೇ?

— 2022ರ ಸೆಪ್ಟೆಂಬರಿನಲ್ಲಿ ಬದಲಾಯಿತು. ಚೀನಾದ ಝು ಮಿನ್ ಅವರ ತಂಡ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ನಾಲ್ಕು ಲೇಖನ ಪ್ರಕಟಿಸಿತು. ಗ್ವೀಝೌ ಪ್ರಾಂತದ 43.9 ಕೋಟಿ ವರ್ಷ ಹಳೆಯ ಪದರದಿಂದ ಕಿಯಾನೋಡಸ್ ಎಂಬ ಮೀನಿನ ಹಲ್ಲುಗಳು ಬಂದವು. ಕೆಲವೇ ಮಿಲಿಮೀಟರ್ ಉದ್ದದ, ಸುರುಳಿಯ ಮೇಲೆ ಜೋಡಿಯಾಗಿ ಕುಳಿತ ಹಲ್ಲುಗಳವು. ಹಲ್ಲಿನ ಇತಿಹಾಸ ಇದರಿಂದ ಒಮ್ಮೆಗೇ 1.4 ಕೋಟಿ ವರ್ಷ ಹಿಂದಕ್ಕೆ ಹೋಯಿತು. ಅದೇ ಪದರದ ಫಾನ್‌ಜಿಂಗ್‌ಶಾನಿಯಾ ಎಂಬುದನ್ನು ಸಾವಿರಾರು ಚೂರುಗಳಿಂದ ಕಟ್ಟಿ ನಿಲ್ಲಿಸಿದರು. ಭುಜದ ಸುತ್ತ ಮುಳ್ಳುಗಳಿದ್ದ ಮೀನು ಅದು. ಚೋಂಗ್‌ಚಿಂಗ್ ಪ್ರದೇಶದ 43.6 ಕೋಟಿ ವರ್ಷದ ಪದರದಲ್ಲಂತೂ ಇಡೀ ಮೀನುಗಳೇ ಸಿಕ್ಕವು. ಅವುಗಳಲ್ಲಿ ಬೆರಳುದ್ದವೂ ಇಲ್ಲದ ಶೆನಕ್ಯಾಂಥಸ್ ಎಲ್ಲಕ್ಕಿಂತ ಕುತೂಹಲದ್ದು. ಅದರ ದೇಹದ ಆಕಾರ ಮೃದ್ವಸ್ಥಿ ಮೀನಿನದು, ಆದರೆ ಎದೆಭಾಗದ ಸುತ್ತ ಎಲುಬಿನ ದೊಡ್ಡ ಫಲಕಗಳಿವೆ.

— ಎಲುಬಿನ ಫಲಕವೇ? ಶಾರ್ಕಿನ ಬಳಗದಲ್ಲಿ?

— ಅಲ್ಲೇ ಇಡೀ ವಿಷಯದ ತಿರುವು ಇರುವುದು. ಹಳೆಯ ಪಠ್ಯಪುಸ್ತಕಗಳು ಹೇಳುತ್ತಿದ್ದ ಕ್ರಮ ಸರಳವಾಗಿತ್ತು: ಮೊದಲು ಮೃದ್ವಸ್ಥಿ, ಆಮೇಲೆ ಎಲುಬು. ಭ್ರೂಣದಲ್ಲಿ ಎಲುಬು ಮೂಡುವ ಮೊದಲು ಮೃದ್ವಸ್ಥಿಯೇ ಮೂಡುತ್ತದೆ. ಆದ್ದರಿಂದ ವಿಕಾಸದಲ್ಲೂ ಹಾಗೇ ಆಗಿರಬೇಕು. ಶಾರ್ಕ್ ಎಂದರೆ ಎಲುಬು ಬರುವ ಮೊದಲಿನ ಹಂತದಲ್ಲಿ ನಿಂತುಹೋದ ಪ್ರಾಣಿ. ಕೇಳಲು ಒಪ್ಪುವಂಥ ಮಾತು, ಆದರೆ ಕಲ್ಲುಗಳು ಅದನ್ನು ಬೆಂಬಲಿಸಲಿಲ್ಲ. ಈ ಮಾತನ್ನು ಬಿಡಿಸಿ ಹೇಳಬೇಕಾದರೆ ಮುಳ್ಳುಮೀನುಗಳಿಂದ, ಅಂದರೆ ಅಕ್ಯಾಂಥೋಡಿಯನ್ನುಗಳಿಂದ ಶುರುಮಾಡಬೇಕು.

— ಮುಳ್ಳುಮೀನು ಯಾವ ಕುಲಕ್ಕೆ ಸೇರಿದ್ದು?

— ಅದೇ ನೂರೈವತ್ತು ವರ್ಷ ಬಗೆಹರಿಯದ ಪ್ರಶ್ನೆಯಾಗಿತ್ತು. ಸೈಲೂರಿಯನ್‌ನಿಂದ ಪರ್ಮಿಯನ್‌ವರೆಗೆ ಬದುಕಿದ್ದ ಸಣ್ಣ ಮೀನುಗಳಿವು. ಬಾಲದ ರೆಕ್ಕೆಯೊಂದನ್ನು ಬಿಟ್ಟು ಉಳಿದ ರೆಕ್ಕೆಗಳ ಮುಂದೆಲ್ಲ ಒಂದೊಂದು ಮುಳ್ಳು. ಇವನ್ನು ಕೆಲವರು ಎಲುಬುಮೀನುಗಳ ಸಾಲಿಗೆ ಸೇರಿಸಿದರು, ಕೆಲವರು ಶಾರ್ಕಿನ ಸಾಲಿಗೆ, ಇನ್ನು ಕೆಲವರು ಬೇರೆಯದೇ ವರ್ಗವೆಂದು ಬದಿಗಿಟ್ಟರು. 2009ರಲ್ಲಿ ಮಾರ್ಟಿನ್ ಬ್ರಾಝೋ ಟೊಮಕ್ಯಾಂಥಸ್ ಎಂಬುದರ ತಲೆಬುರುಡೆಯ ತಳಭಾಗವನ್ನು ವರ್ಣಿಸಿದ. ಅದು ಎಲುಬುಮೀನಿನ ಹಾಗೆ ಇರಲಿಲ್ಲ. 2012ರಲ್ಲಿ ಇನ್ನೊಂದು ತಂಡ ಕೊನೆಯ ಮುಳ್ಳುಮೀನುಗಳಲ್ಲೊಂದಾದ, ಜರ್ಮನಿಯ ಅಕ್ಯಾಂಥೋಡಿಸ್‌ನ ತಲೆಬುರುಡೆಯನ್ನು ಹೊಸದಾಗಿ ಪರೀಕ್ಷಿಸಿತು. ಅದರಲ್ಲಿ ಶಾರ್ಕಿನ ಲಕ್ಷಣಗಳು ಎದ್ದು ಕಂಡವು. 2013ರಲ್ಲಿ ಚೀನಾದ ಯುನ್ನಾನಿನಿಂದ ಸುಮಾರು 42 ಕೋಟಿ ವರ್ಷ ಹಳೆಯ ಎಂಟೆಲೋಗ್ನಾಥಸ್ ಬಂದಿತು. ಮೈಗೆಲ್ಲ ಫಲಕ ತೊಟ್ಟ ಹಳೆಯ ಕುಲದ ಮೀನು, ಅಂದರೆ ಫಲಕಮೀನು, ಆದರೆ ದವಡೆಯಂಚಿನಲ್ಲಿ ಎಲುಬುಮೀನುಗಳಿಗಿರುವ, ಮನುಷ್ಯನಿಗೂ ಇರುವ ಅವೇ ಎಲುಬುಗಳು! ಅಂದರೆ ಎಲುಬುಮೀನು ಮತ್ತು ಶಾರ್ಕ್ ಕವಲೊಡೆಯುವ ಮೊದಲೇ ಮುಖದ ಎಲುಬುಗಳು ಇದ್ದವು. ಹಾಗಾದ ಮೇಲೆ ಆ ಎಲುಬುಗಳಿಲ್ಲದ ಮುಳ್ಳುಮೀನುಗಳೂ ಶಾರ್ಕುಗಳೂ ಅವನ್ನು ಕಳೆದುಕೊಂಡ ಒಂದೇ ಕವಲಿನವು ಎಂದಾಯಿತು. ಇಂದು ಹೆಚ್ಚಿನ ತಜ್ಞರು ಮುಳ್ಳುಮೀನುಗಳನ್ನೆಲ್ಲ ಮೃದ್ವಸ್ಥಿ ಮೀನುಗಳ ಬುಡದ ಕವಲುಗಳೆಂದೇ ಓದುತ್ತಾರೆ.

— ಇದು ತರ್ಕದಿಂದ ಬಂದ ಮಾತು. ಮುಳ್ಳುಮೀನಿಗೂ ಶಾರ್ಕಿಗೂ ನಡುವಿನ ಮೀನೊಂದು ಕಣ್ಣಿಗೆ ಕಾಣುವ ಹಾಗೆ ಸಿಕ್ಕಿದೆಯೇ?

— ಸಿಕ್ಕಿದೆ. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಡಿವೋನಿಯನ್ ಪದರಗಳಲ್ಲಿ ಎರಡು ಮೊನೆಯ ವಿಚಿತ್ರ ಹಲ್ಲುಗಳು ಮೊದಲಿಂದ ಸಿಗುತ್ತಿದ್ದವು. 1892ರಲ್ಲಿ ಸ್ಮಿತ್ ವುಡ್‌ವರ್ಡ್ ಅವುಗಳ ಜಾತಿಗೆ ‘ಪ್ರಾಬ್ಲಮ್ಯಾಟಿಕಸ್’ ಎಂದೇ ಹೆಸರಿಟ್ಟ. ಬಿಡಿ ಹಲ್ಲಿನಿಂದ ಅವನಿಗೆ ಹೆಚ್ಚೇನೂ ಹೊಳೆಯಲಿಲ್ಲ. ನೂರು ವರ್ಷ ಕಳೆದ ಮೇಲೆ ಅದೇ ಹಲ್ಲುಗಳು ದವಡೆಯಲ್ಲೇ ಇರುವ ಮೀನಿನ ಮುಂಭಾಗ ಸಿಕ್ಕಿತು, 2003ರಲ್ಲಿ ಅದರ ವರದಿ ಬಂದಿತು. ಅದೇ ಡೋಲಿಯೋಡಸ್, ಸುಮಾರು 40 ಕೋಟಿ ವರ್ಷ ಹಿಂದಿನದು. ಹಲ್ಲು ಶಾರ್ಕಿನ ಹಾಗೆ ಸಾಲಾಗಿ ಬೆಳೆಯುವಂಥದ್ದು, ಮೃದ್ವಸ್ಥಿಯ ಮೇಲೆ ಬಿಲ್ಲೆಗಳ ಹೊದಿಕೆಯೂ ಇದೆ. ಆದರೆ ಎದೆಯ ಜೋಡಿ ರೆಕ್ಕೆಗಳ ಮುಂದೆ ದೊಡ್ಡ ಮುಳ್ಳುಗಳು. ಇಂದಿನ ಯಾವ ಶಾರ್ಕಿಗೂ ಅಲ್ಲಿ ಮುಳ್ಳಿಲ್ಲ. 2017ರಲ್ಲಿ ಜಾನ್ ಮೈಸಿ ಮತ್ತು ಸಂಗಡಿಗರು ಅದೇ ಕಲ್ಲನ್ನು ಸಿಟಿ ಸ್ಕ್ಯಾನ್ ಮಾಡಿಸಿದಾಗ ಹೊಟ್ಟೆಯ ಕಡೆಯೂ ಮುಳ್ಳುಗಳ ಸಾಲು ಕಂಡಿತು. ತಲೆ ಶಾರ್ಕಿನದು, ಮುಳ್ಳಿನ ಏರ್ಪಾಡು ಅಕ್ಯಾಂಥೋಡಿಯನ್ನಿನದು. ಇದಕ್ಕಿಂತ ಸ್ಪಷ್ಟವಾದ ನಡುವಿನ ರೂಪವನ್ನು ಕೇಳುವುದು ದುರಾಸೆಯಾದೀತು.

— ಹೊರಮೈಯ ಫಲಕಗಳು ಹೋದವು ಎನ್ನುವುದು ಒಪ್ಪುವ ಮಾತು. ಆದರೆ ಒಳಗಿನ ಅಸ್ಥಿಪಂಜರ? ಅದು ಮೊದಲಿನಿಂದಲೂ ಮೃದ್ವಸ್ಥಿಯೇ ಆಗಿದ್ದಿರಬಹುದಲ್ಲ?

— ಒಳ್ಳೆಯ ಆಕ್ಷೇಪ. 2020ರವರೆಗೆ ಅದಕ್ಕೆ ಖಚಿತ ಉತ್ತರ ಇರಲಿಲ್ಲ. ಎಲುಬಿನಲ್ಲಿ ಎರಡು ಬಗೆ. ಚರ್ಮದಡಿಯಲ್ಲಿ ನೇರವಾಗಿ ಮೂಡುವ ಫಲಕ ಒಂದು. ಮೃದ್ವಸ್ಥಿಯ ಒಳಗೇ ಹುಟ್ಟಿ ಅದನ್ನು ಬದಲಿಸುವ ಎಲುಬು ಇನ್ನೊಂದು. ಎರಡನೆಯದು ಎಲುಬುಮೀನುಗಳ ಕವಲಿನಲ್ಲಿ ಮಾತ್ರ ಹುಟ್ಟಿದ್ದೆಂದು ನಂಬಲಾಗಿತ್ತು. ಪಶ್ಚಿಮ ಮಂಗೋಲಿಯಾದಲ್ಲಿ ಸಿಕ್ಕ 41 ಕೋಟಿ ವರ್ಷ ಹಳೆಯ ಮಿನ್‌ಜಿನಿಯಾ ಎಂಬ ಫಲಕಮೀನಿನ ತಲೆಯ ಭಾಗವನ್ನು ಬ್ರಾಝೋ ತಂಡ ಸ್ಕ್ಯಾನ್ ಮಾಡಿದಾಗ, ಒಳಗೆ ಜಾಳುಜಾಳಾದ ಎರಡನೆಯ ಬಗೆಯ ಎಲುಬೇ ತುಂಬಿತ್ತು. ಮಿನ್‌ಜಿನಿಯಾ ಶಾರ್ಕ್ ಮತ್ತು ಎಲುಬುಮೀನು ಬೇರ್ಪಡುವುದಕ್ಕೆ ಮುಂಚಿನ ಕವಲು. ಅಲ್ಲಿ ಆ ಎಲುಬು ಇದ್ದರೆ ಶಾರ್ಕಿನ ಪೂರ್ವಜರಲ್ಲೂ ಇದ್ದಿರುವ ಸಾಧ್ಯತೆ ಬಲವಾಗುತ್ತದೆ. ಹಾಗಾದರೆ ಶಾರ್ಕು ಎಲುಬನ್ನು ಇನ್ನೂ ಗಳಿಸದ ಪ್ರಾಣಿಯಾಗದೆ, ಇದ್ದದ್ದನ್ನು ಬಿಟ್ಟುಕೊಟ್ಟ ಪ್ರಾಣಿಯಾಗುತ್ತದೆ. ಒಂದೇ ಕಲ್ಲಿನ ಮೇಲೆ ಇಷ್ಟು ಭಾರ ಹೊರಿಸುವುದಕ್ಕೆ ಹಿಂಜರಿಯುವವರೂ ಇದ್ದಾರೆ. ಆದರೆ ಫಲಕಗಳು, ಮುಳ್ಳುಮೀನು, ಶೆನಕ್ಯಾಂಥಸ್, ಎಲ್ಲವೂ ಒಂದೇ ದಿಕ್ಕಿಗೆ ಕೈ ತೋರಿಸುತ್ತಿವೆ.

— ಬದುಕಿರುವ ಮೀನುಗಳ ಮೈಯಲ್ಲಿ ಇದರ ಗುರುತು ಇದೆಯೇ?

— ಜೀನುಗಳಲ್ಲಿ ಒಂದು ಸುಳಿವಿದೆ. ಆಸ್ಟ್ರೇಲಿಯಾದ ದಕ್ಷಿಣ ಕಡಲಿನ ಆನೆಮೀನು ಕಿಮೇರಾ ಜಾತಿಯದು. ಸಿಂಗಪುರದಲ್ಲಿದ್ದ ಬೈರಪ್ಪ ವೆಂಕಟೇಶ್ ಅವರ ನೇತೃತ್ವದಲ್ಲಿ ಅದರ ಪೂರ್ಣ ಜೀನೋಮ್ 2014ರಲ್ಲಿ ಪ್ರಕಟವಾಯಿತು. ಎಲುಬುಳ್ಳ ಪ್ರಾಣಿಗಳಲ್ಲಿ ಕ್ಯಾಲ್ಸಿಯಂ ಹಿಡಿದು ಎಲುಬಿಗೆ ಗಟ್ಟಿತನ ತರುವ ಒಂದು ಪ್ರೋಟೀನ್ ಕುಟುಂಬದ ಜೀನುಗಳು ಅದರಲ್ಲಿ ಇಲ್ಲ. ಮೃದ್ವಸ್ಥಿ ಎಲುಬಾಗದೆ ಉಳಿಯಲು ಇದೊಂದು ಕಾರಣವಿರಬಹುದೆಂದು ಆ ಲೇಖನ ಸೂಚಿಸಿತು. ಹಗುರವಾದ ಅಸ್ಥಿಪಂಜರದಿಂದ ಲಾಭವೂ ಇದೆ: ಗಾಳಿಚೀಲವಿಲ್ಲದ ಈ ಮೀನುಗಳು ಎಣ್ಣೆ ತುಂಬಿದ ದೊಡ್ಡ ಯಕೃತ್ತಿನಿಂದ ತೇಲುತ್ತವೆ, ಮೈ ಭಾರವಾದರೆ ಅಷ್ಟರಿಂದ ಸಾಲದು.

— ಹಾಗಾದರೆ ‘ನಲವತ್ತು ಕೋಟಿ ವರ್ಷದಿಂದ ಬದಲಾಗದ ಜೀವಿ’ ಎಂದು ಟೀವಿಯಲ್ಲಿ ಹೇಳುವುದು?

— ಟೀವಿಗೆ ಒಪ್ಪುವ ಮಾತು, ಅಷ್ಟೇ. ಅದನ್ನು ಬುಡಮೇಲು ಮಾಡಿದ ಪಳೆಯುಳಿಕೆ ಅಮೆರಿಕದ ಅರ್ಕನ್ಸಾಸ್‌ನಿಂದ ಬಂತು. ಓಝಾರ್ಕಸ್ ಎಂದು ಹೆಸರು, 32.5 ಕೋಟಿ ವರ್ಷ ಹಳೆಯದು. ತಲೆಯ ಒಳಗಿನ ಕಿವಿರಿನ ಕಮಾನುಗಳು ಚಪ್ಪಟೆಯಾಗದೆ ತಮ್ಮ ಜಾಗದಲ್ಲೇ ಉಳಿದಿದ್ದವು. ಇಂಥದು ಬಹಳ ಅಪರೂಪ. ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನ್ ಕಿರಣದಿಂದ ಅದನ್ನು ಚಿತ್ರಿಸಿ 2014ರಲ್ಲಿ ಪ್ರಕಟಿಸಿದರು. ಕಮಾನುಗಳ ಜೋಡಣೆ ಇಂದಿನ ಶಾರ್ಕಿಗಿಂತ ಎಲುಬುಮೀನುಗಳಿಗೇ ಹತ್ತಿರವಾಗಿತ್ತು. ಹಾಗಾಗಿ ಇಂದಿನ ಶಾರ್ಕಿನ ಕಿವಿರು ಆಮೇಲೆ ಬದಲಾಗಿ ಬಂದ ರೂಪ, ಮೂಲ ನಮೂನೆ ಅದಲ್ಲ.

— ಇಡೀ ದೇಹ ಉಳಿದ ಹಳೆಯ ಶಾರ್ಕ್ ಎಂದರೆ ಕ್ಲ್ಯಾಡೊಸೆಲಾಕಿಯ ಹೆಸರೇ ಎಲ್ಲ ಪುಸ್ತಕದಲ್ಲೂ ಬರುತ್ತದೆ.

— ಬರಬೇಕಾದದ್ದೇ. ಅಮೆರಿಕದ ಓಹಾಯೋದ ಎರೀ ಸರೋವರದ ದಡದಲ್ಲಿ ಕ್ಲೀವ್‌ಲ್ಯಾಂಡ್ ಶೇಲ್ ಎಂಬ ಕಪ್ಪು ಪದರಗಲ್ಲಿದೆ, ಸುಮಾರು 36 ಕೋಟಿ ವರ್ಷದ್ದು. ಆಮ್ಲಜನಕವಿಲ್ಲದ ಕಡಲ ತಳದಲ್ಲಿ ಕೂತ ಕೆಸರು ಅದು. ಅಲ್ಲಿಯ ಮೀನುಗಳಿಗೆ 1894ರಲ್ಲಿ ಬ್ಯಾಶ್‌ಫರ್ಡ್ ಡೀನ್ ಈ ಹೆಸರಿಟ್ಟ. ಆಳೆತ್ತರದವರೆಗೆ ಬೆಳೆಯುತ್ತಿದ್ದ ವೇಗದ ಈಜುಗಾರ. ಬಾಯಿ ಮೂತಿಯ ತುದಿಯಲ್ಲೇ ಇತ್ತು, ಇಂದಿನ ಶಾರ್ಕಿನ ಹಾಗೆ ಕೆಳಗಡೆ ಇರಲಿಲ್ಲ. ಸ್ನಾಯುವಿನ ನಾರುಗಳ ಅಚ್ಚು ಕೂಡ ಉಳಿದಿದೆ. ಹೊಟ್ಟೆಯೊಳಗೆ ನುಂಗಿದ ಮೀನುಗಳು ಸಿಕ್ಕಿವೆ, ಹೆಚ್ಚಿನವು ಬಾಲ ಮೊದಲಾಗಿ ಒಳಗೆ ಹೋದವು; ಬೆನ್ನಟ್ಟಿ ಹಿಂದಿನಿಂದ ಹಿಡಿಯುತ್ತಿತ್ತೆಂಬುದಕ್ಕೆ ಅದು ಸಾಕ್ಷಿ. ಬಹುಕಾಲ ಇದನ್ನೇ ಎಲ್ಲ ಶಾರ್ಕುಗಳ ಮುತ್ತಜ್ಜನೆಂದು ಪುಸ್ತಕಗಳು ಬರೆದವು. ಆದರೆ ಡೋಲಿಯೋಡಸ್ ಅದಕ್ಕಿಂತ ಹಿರಿಯದು. ಅಷ್ಟೇ ಸಾಲದೆಂಬಂತೆ, ಕ್ಲ್ಯಾಡೊಸೆಲಾಕಿ ಶಾರ್ಕಿನ ಕವಲಿನದೇ ಎಂಬುದೂ ಸಂದೇಹಕ್ಕೆ ಬಿದ್ದಿದೆ.

— ಅದು ಹೇಗೆ?

— ದಕ್ಷಿಣ ಆಫ್ರಿಕಾದ ಕರೂ ಪ್ರದೇಶದಲ್ಲಿ ರಾಯ್ ಊಸ್ಟ್‌ಹೈಝೆನ್ ಎಂಬ ರೈತನಿದ್ದ. ಬಿಡುವಿನಲ್ಲಿ ಪಳೆಯುಳಿಕೆ ಹುಡುಕುವುದು ಅವನ ಹವ್ಯಾಸ. ಅವನಿಗೆ ಸಿಕ್ಕ ಒಂದು ಕಲ್ಲಿನುಂಡೆಯಲ್ಲಿ 28 ಕೋಟಿ ವರ್ಷ ಹಳೆಯ ಮೀನಿನ ತಲೆಬುರುಡೆ ಇತ್ತು. 1980ರ ದಶಕದಲ್ಲಿ ಅದಕ್ಕೆ ಡ್ವೈಕಸೆಲಾಕಸ್ ಎಂದು ಹೆಸರಿಟ್ಟು, ರೈತನ ಹೆಸರನ್ನೂ ಸೇರಿಸಿ, ಶಾರ್ಕಿನ ಸಾಲಿಗೆ ಹಚ್ಚಿ ಇಟ್ಟರು. ಉಂಡೆಯನ್ನು ಒಡೆಯುವ ಹಾಗಿರಲಿಲ್ಲ. 2017ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಮೈಕೆಲ್ ಕೋಟ್ಸ್ ತಂಡ ಸಿಟಿ ಸ್ಕ್ಯಾನಿನಲ್ಲಿ ಒಳಗನ್ನು ನೋಡಿದಾಗ ಮಿದುಳಿನ ಕುಹರ, ಒಳಕಿವಿಯ ನಾಳ, ಎಲ್ಲವೂ ಕಿಮೇರಾದ ಮಾದರಿಯಲ್ಲಿದ್ದವು. ಹೊರಗಿನ ನೋಟ ಶಾರ್ಕಿನದು, ಒಳಗಿನ ರಚನೆ ಕಿಮೇರಾದ್ದು. ಕ್ಲ್ಯಾಡೊಸೆಲಾಕಿ ಇದರ ಹತ್ತಿರದ ನೆಂಟನಾದ್ದರಿಂದ ಅದೂ ಕಿಮೇರಾದ ಕಡೆಗೆ ಸರಿಯಿತು. ಇಂದು ಆಳಗಡಲಿನಲ್ಲಿ ಬೆರಳೆಣಿಕೆಯ ಕುಲಗಳಾಗಿ ಉಳಿದ ಕಿಮೇರಾಗಳು ಒಂದು ಕಾಲಕ್ಕೆ ಕಡಲನ್ನು ಆಳಿದ ಕವಲಿನ ಕೊನೆಯ ಪೀಳಿಗೆ ಎಂದಾಯಿತು.

— ಆ ಆಳ್ವಿಕೆ ಯಾವಾಗ?

— ಕಾರ್ಬಾನಿಫೆರಸ್ ಯುಗದಲ್ಲಿ. ಸುಮಾರು 36 ಕೋಟಿ ವರ್ಷಗಳ ಹಿಂದೆ, ಡಿವೋನಿಯನ್ನಿನ ಕೊನೆಗೆ, ಫಲಕಮೀನುಗಳು ಪೂರ್ತಿ ಅಳಿದವು. ತೆರವಾದ ಜಾಗವನ್ನು ಮೃದ್ವಸ್ಥಿ ಮೀನುಗಳು ತುಂಬಿದವು. ಅಮೆರಿಕದ ಮೊಂಟಾನಾದ ಬೇರ್ ಗಲ್ಚ್ ಸುಣ್ಣಕಲ್ಲಿನಲ್ಲಿ ಆ ಕಾಲದ ಬಹಳಷ್ಟು ಜಾತಿಗಳು ಇಡಿಯಾಗಿ ಸಿಕ್ಕಿವೆ. ಅಲ್ಲಿಯ ಫಾಲ್ಕೇಟಸ್ ಗಂಡಿಗೆ ತಲೆಯ ಮೇಲೆ ಮುಂದಕ್ಕೆ ಬಾಗಿದ ಕತ್ತಿಯಂಥ ಮುಳ್ಳು, ಹೆಣ್ಣಿಗೆ ಇಲ್ಲ. ಒಂದು ಹೆಣ್ಣು ಗಂಡಿನ ಮುಳ್ಳನ್ನು ಬಾಯಲ್ಲಿ ಹಿಡಿದಂತಿರುವ ಜೋಡಿಯೊಂದು ಕಲ್ಲಿನಲ್ಲಿ ಹಾಗೇ ಉಳಿದಿದೆ. ಮುಂದೆ ಪರ್ಮಿಯನ್‌ನಲ್ಲಿ ಹೆಲಿಕೊಪ್ರಿಯನ್ ಬರುತ್ತದೆ. 1899ರಲ್ಲಿ ರಷ್ಯದ ಕಾರ್ಪಿನ್‌ಸ್ಕಿ ವರ್ಣಿಸಿದ ಆ ಹಲ್ಲಿನ ಸುರುಳಿಯನ್ನು ಮೂತಿಯ ಮೇಲೆ, ಬೆನ್ನ ಮೇಲೆ, ಬಾಲದಲ್ಲಿ, ಹೀಗೆ ಎಲ್ಲೆಲ್ಲೋ ಅಂಟಿಸಿ ಚಿತ್ರ ಬರೆದರು. 2013ರ ಸ್ಕ್ಯಾನ್ ಅದು ಕೆಳದವಡೆಯ ನಡುವೆ ಇದ್ದದ್ದೆಂದು ತೋರಿಸಿತು. ಅದೂ ಕಿಮೇರಾದ ಬಳಗವೇ.

— ಇಷ್ಟೆಲ್ಲ ಅಮೆರಿಕ, ಚೀನಾ, ಆಫ್ರಿಕಾದ ಮಾತಾಯಿತು. ನಿಪ್ಪಾಣಿ ಕಡೆಯ ನಮ್ಮ ಅಕ್ಕೋಳದ ಸುತ್ತ ಬಾವಿ ತೋಡಿದರೆ ಇಂಥದೇನೂ ಸಿಗುವುದಿಲ್ಲವೇ? ವೇದಗಂಗೆ, ದೂಧಗಂಗೆ ನದಿಗಳು ಎಷ್ಟೋ ಆಳಕ್ಕೆ ಕೊರೆದಿವೆಯಲ್ಲ.

— ಸಿಗುವುದಿಲ್ಲ, ಏಕೆ ಸಿಗುವುದಿಲ್ಲ ಎಂಬುದೇ ತಿಳಿಯಬೇಕಾದ ಸಂಗತಿ. ನಿಪ್ಪಾಣಿ, ಚಿಕ್ಕೋಡಿ, ಅಥಣಿ, ಕಾಗವಾಡ, ರಾಯಬಾಗದ ನೆಲದಲ್ಲಿ ಎರೆಮಣ್ಣು, ಗರಸು ದಾಟಿದರೆ ಬರುವುದು ಬಹುಮಟ್ಟಿಗೆ ಕರಿಕಲ್ಲು, ಅಂದರೆ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ಪದರ ಪದರವಾಗಿ ಹೆಪ್ಪುಗಟ್ಟಿದ್ದು ಅದು. ಕರಗಿದ ಕಲ್ಲಿನಲ್ಲಿ ಮೀನಿನ ಹಲ್ಲು ಉಳಿಯದು. ಜೊತೆಗೆ ಈ ಕಥೆಗೆ ಆ ಕಲ್ಲು ತೀರ ಹೊಸದು. ಲಾವಾದ ಅಂಚು ದಕ್ಷಿಣಕ್ಕೆ ಮುಗಿಯುವಲ್ಲಿ, ಗೋಕಾಕದ ಕಡೆ, ಕಲಾದಗಿ ಶ್ರೇಣಿಯ ಮರಳುಗಲ್ಲು ಕಾಣುತ್ತದೆ. ಘಟಪ್ರಭೆ ಧುಮುಕುವುದು ಆ ಕಲ್ಲಿನ ಮೇಲೆ. ಅದು ಮೀನುಗಳು ಹುಟ್ಟುವ ಎಷ್ಟೋ ಮೊದಲು ಕೂತ ಕಲ್ಲು. ಬಾಗಲಕೋಟೆಯ ಕಡೆ ಅದೇ ಶ್ರೇಣಿಯ ಸುಣ್ಣಕಲ್ಲಿನಲ್ಲಿ ಕಾಣುವ ಜೀವದ ಗುರುತೆಂದರೆ ಸೂಕ್ಷ್ಮಜೀವಿಗಳು ಹಾಸಿಟ್ಟ ಪದರಗಳು, ಸ್ಟ್ರೊಮಾಟೊಲೈಟುಗಳು ಮಾತ್ರ. ಹಳೆಯ ಮರಳುಗಲ್ಲಿನ ಮೇಲೆ ನೇರವಾಗಿ ಕರಿಕಲ್ಲು ಕೂತಿದೆ. ಇವೆರಡರ ನಡುವಿನ ಅವಧಿಯಲ್ಲೇ ಆರ್ಡೊವಿಶಿಯನ್ ಹುರುಪೆಯಿಂದ ಹಿಡಿದು ಹೆಲಿಕೊಪ್ರಿಯನ್‌ವರೆಗಿನ ಎಲ್ಲವೂ ನಡೆದುಹೋಯಿತು. ಆ ಅವಧಿಯ ಒಂದು ಪದರವೂ ಈ ಭಾಗದಲ್ಲಿಲ್ಲ.

— ಕರ್ನಾಟಕ ಬಿಡಿ, ಭಾರತದಲ್ಲೇ ಬೇರೆ ಕಡೆ?

— ಹಿಮಾಲಯದ ಸ್ಪಿತಿ, ಕಾಶ್ಮೀರದ ಕಡೆ ಆ ಯುಗಗಳ ಕಡಲ ಪದರಗಳಿವೆ. ಆದರೆ ಅಲ್ಲಿಂದ ಬಂದ ಹಳೆಯ ವರದಿಗಳನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. 1989ರಲ್ಲಿ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್, ಬೇರೆ ದೇಶಗಳ ಪಳೆಯುಳಿಕೆಗಳನ್ನು ಹಿಮಾಲಯದವೆಂದು ವರ್ಷಗಟ್ಟಲೆ ಪ್ರಕಟಿಸಲಾಗಿದೆ ಎಂದು ‘ನೇಚರ್’ನಲ್ಲಿ ದಾಖಲೆ ಸಮೇತ ಬರೆದ. ಆ ಪ್ರಕರಣದಿಂದ ನೂರಾರು ಲೇಖನಗಳು ಸಂಶಯಕ್ಕೆ ಸಿಕ್ಕವು. ಈಗಿನ ಪಾಕಿಸ್ತಾನದ ಸಾಲ್ಟ್ ರೇಂಜ್‌ನಿಂದ ಹೆಲಿಕೊಪ್ರಿಯನ್ನಿನ ನೆಂಟನೊಂದರ ಹಲ್ಲುಗಳು 1901ರಷ್ಟು ಹಿಂದೆಯೇ ವರ್ಣಿತವಾಗಿವೆ. ಭಾರತದ ಒಳನಾಡಿನಲ್ಲಿ ಗಟ್ಟಿ ಸಾಕ್ಷಿ ಶುರುವಾಗುವುದು ಟ್ರಯಾಸಿಕ್‌ನಿಂದ. ತೆಲಂಗಾಣದ ಆಸಿಫಾಬಾದ್ ಕಡೆಯ ಮಲೇರಿ ಪದರದಿಂದ ಸೊಹನ್‌ಲಾಲ್ ಜೈನ್ 1980ರಲ್ಲಿ ಕ್ಸೆನಕ್ಯಾಂಥ್ ಎಂಬ ಸಿಹಿನೀರಿನ ಶಾರ್ಕಿನ ಹಲ್ಲುಗಳನ್ನು ವರ್ಣಿಸಿದರು. ಎರಡು ದೊಡ್ಡ ಮೊನೆ, ನಡುವೆ ಚಿಕ್ಕದೊಂದು. ಡಿವೋನಿಯನ್‌ನಲ್ಲೇ ಬೇರುಬಿಟ್ಟ ಹಳೆಯ ಕುಲ ಅದು, ಟ್ರಯಾಸಿಕ್ ಮುಗಿಯುವಷ್ಟರಲ್ಲಿ ಎಲ್ಲೆಡೆ ಅಳಿಯಿತು. ಮಧ್ಯಪ್ರದೇಶದ ತಿಕಿ ಪದರದಲ್ಲಿ, ಗೋದಾವರಿ ಕಣಿವೆಯ ಕೋಟ ಪದರದಲ್ಲಿ ಹೈಬೊಡಾಂಟ್ ಎಂಬ ಇನ್ನೊಂದು ಕುಲದ ಹಲ್ಲುಗಳು ಸಿಗುತ್ತವೆ. ಇಂದಿನ ಶಾರ್ಕುಗಳಿಗೆ ಇವು ತೀರ ಹತ್ತಿರದ ದಾಯಾದಿಗಳು. ಕ್ರಿಟೇಶಿಯಸ್ ಕೊನೆಯವರೆಗೂ ಬಾಳಿದವು. ತಮಿಳುನಾಡು, ಪುದುಚೇರಿಯ ಕಡಲ ಪದರಗಳಲ್ಲಿ ಇಂದಿನ ಮಾದರಿಯ ಶಾರ್ಕುಗಳೇ ಇವೆ. ಪುದುಚೇರಿಯ ಹಲ್ಲುಗಳನ್ನು ಎಗರ್ಟನ್ 1845ರಲ್ಲೇ ವರ್ಣಿಸಿದ್ದ.

— ಕರಿಕಲ್ಲಿನ ಪದರಗಳ ನಡುವೆ ಏನೂ ಇಲ್ಲವೇ? ಒಂದು ಲಾವಾ ಹರಿದು ಇನ್ನೊಂದು ಬರುವವರೆಗೆ ಸಾವಿರಾರು ವರ್ಷ ಬಿಡುವಿದ್ದಿರಬೇಕು.

— ಇತ್ತು. ಆ ಬಿಡುವಿನಲ್ಲಿ ತಗ್ಗುಗಳಲ್ಲಿ ಕೆರೆಗಳಾದವು, ಕೆಸರು ಕೂತಿತು, ಮೇಲೆ ಮತ್ತೆ ಲಾವಾ ಹರಿಯಿತು. ಇಂಥ ನಡುಪದರಗಳು ದಖ್ಖನ್ನಿನ ಅಂಚುಗಳಲ್ಲಿ ಹೆಚ್ಚು. ಕರ್ನಾಟಕದಲ್ಲಿ ಗುರುಮಠಕಲ್ ಹತ್ತಿರ ಇವೆ. ಈ ಕಡೆ ಕರಿಕಲ್ಲಿನ ನಡುವೆ ಕಾಣುವ ಕೆಂಪು ಮಣ್ಣಿನ ಪಟ್ಟಿಯನ್ನು ಮಾತ್ರ ನಡುಪದರವೆಂದು ತಿಳಿಯಬಾರದು. ಅದು ಲಾವಾದ ಮೇಲ್ಮೈ ಸವೆದು, ಮೇಲಿನ ಲಾವಾದ ಕಾವಿಗೆ ಸುಟ್ಟ ಮಣ್ಣು, ಅದರಲ್ಲಿ ಮೀನಿಲ್ಲ. ತೆಲಂಗಾಣದ ಆಸಿಫಾಬಾದ್ ಬಳಿಯ ನಡುಪದರದಲ್ಲೂ ಜಬಲ್ಪುರದಲ್ಲಿ ಲಾವಾದ ಕೆಳಗಿನ ಲಮೇಟಾ ಪದರದಲ್ಲೂ ಇಗ್ಡಬಾಟಿಸ್ ಎಂಬ ತೊರಕೆಯ ಚಪ್ಪಟೆ ಹಲ್ಲುಗಳು ಸಿಕ್ಕವು, ಚಿಪ್ಪು ಜಜ್ಜಿ ತಿನ್ನುವಂಥವು. ಇದೇ ಕುಲ ಮೊದಲು ಆಫ್ರಿಕಾದ ನೈಜರ್‌ನಲ್ಲಿ ಗುರುತಾಗಿತ್ತು, ಅಲ್ಲಿ ಅದರ ಕಾಲ ಕ್ರಿಟೇಶಿಯಸ್ಸಿನ ಕೊನೆಯ ಹಂತವೆಂದು ಗೊತ್ತಿತ್ತು.

— ಅದರಿಂದ ಏನು ತಿಳಿಯಿತು?

— ಲಾವಾದ ವಯಸ್ಸು. ದಖ್ಖನ್ನಿನಲ್ಲಿ ಲಾವಾ ಉಕ್ಕುವುದು ಯಾವಾಗ ಶುರುವಾಯಿತೆಂಬ ಬಗ್ಗೆ ಆಗ ತೀವ್ರ ಚರ್ಚೆ ಇತ್ತು. ಕಲ್ಲಿನ ವಿಕಿರಣ ಲೆಕ್ಕಗಳು ಬಹಳ ಚದುರಿದ್ದವು, ಕೆಲವರು ಎರಡು-ಮೂರು ಕೋಟಿ ವರ್ಷ ನಡೆದಿತ್ತೆಂದೂ ಹೇಳುತ್ತಿದ್ದರು. ಲಾವಾದ ಕೆಳಗೂ ನಡುವೆಯೂ ಅದೇ ಅಲ್ಪಾವಧಿಯ ತೊರಕೆ ಸಿಕ್ಕಿದ್ದರಿಂದ, ಲಾವಾ ಉಕ್ಕಲು ಆರಂಭವಾದದ್ದು ಡೈನೋಸಾರುಗಳ ಕೊನೆಗಾಲದಲ್ಲೇ, ನಡೆದದ್ದೂ ಬೇಗಬೇಗನೆ ಎಂಬ ಪಕ್ಷಕ್ಕೆ ಬಲ ಬಂತು. ಜಿ.ವಿ.ಆರ್. ಪ್ರಸಾದ್ ಮತ್ತು ಫ್ರಾನ್ಸಿನ ಹೆನ್ರಿ ಕ್ಯಾಪೆಟ್ಟಾ 1993ರಲ್ಲಿ ಈ ಹಲ್ಲುಗಳನ್ನು ವಿವರವಾಗಿ ವರ್ಣಿಸಿ, ಇವುಗಳಿಂದ ದಖ್ಖನ್ ಟ್ರ್ಯಾಪ್ ಎಂದು ಕರೆಯುವ ಈ ಲಾವಾ ಪದರಗಳ ಕಾಲವನ್ನು ಚರ್ಚಿಸಿದರು. ಮುಂದೆ ಬಂದ ನಿಖರ ವಿಕಿರಣ ಲೆಕ್ಕಗಳೂ 6.6 ಕೋಟಿ ವರ್ಷದ ಆಸುಪಾಸಿನಲ್ಲೇ ನಿಂತವು. ಅಕ್ಕೋಳದ ಬಾವಿಯ ಕರಿಕಲ್ಲಿನ ವಯಸ್ಸನ್ನು ಗೊತ್ತುಮಾಡಿದ ಸಾಕ್ಷಿಗಳ ಪಟ್ಟಿಯಲ್ಲಿ ಎಲುಬಿಲ್ಲದ ಮೀನಿನ ಹಲ್ಲೂ ಒಂದು.